ಬಂಡೆಯ ಮಕ್ಕಳಿಗೆ ಹುಲಗಪ್ಪ ಕಲಿಸಿದ ಮಾತು

ಆಕಾಶದಿಂದ ಬಿದ್ದ ಆ ಬಂಡೆಗೆ ಇಷ್ಟು ದೊಡ್ಡ ಭೂಮಿಯ ಮೇಲೆ ಬೇರೆ ಜಾಗ ಸಿಗಲಿಲ್ಲವೇನೋ, ಬಂದು ಬಿದ್ದದ್ದು ನೆಟ್ಟಗೆ ಕೆಂಗುಡ್ಡದ ಹಳೆಯ ಚಿನ್ನದ ಗಣಿಯ ಬಾಯಿಗೆ. ಲಾರಿಯಷ್ಟು ದಪ್ಪ, ರೊಟ್ಟಿ ಹಂಚಿನಷ್ಟು ಕಪ್ಪು. ಮುಚ್ಚಿ ಹದಿನೆಂಟು ವರ್ಷವಾಗಿದ್ದ ಬಾವಿಯೊಳಗೆ ನಾನೂರು ಅಡಿ ಇಳಿದು, ಒಂದು ಬಿರುಕೂ ಬಿಡದೆ, ಬಾಣಂತಿ ಕೋಣೆ ಸೇರಿದ ಹಾಗೆ ಬೆಚ್ಚಗೆ ಕೂತುಬಿಟ್ಟಿತು. ಅದರೊಳಗೆ ಜೀವ ಇದೆ ಎಂದು ಮೊದಲು ಕಂಡುಹಿಡಿದದ್ದು ಯಾವ ಯಂತ್ರವೂ ಅಲ್ಲ, ಹುಲಗಪ್ಪ.

ಈ ಹುಲಗಪ್ಪ ಅದೇ ಗಣಿಯಲ್ಲಿ ಮೂವತ್ತೊಂದು ವರ್ಷ ಗಂಟೆ ಹೊಡೆದು, ಒಂದು ಕಾಲು ಕುಂಟಾಗಿ ಹೊರಬಂದವನು. ಆಳುಗಳನ್ನು ಇಳಿಸಿ ಎತ್ತುವ ಕಬ್ಬಿಣದ ಪೆಟ್ಟಿಗೆಗೆ ಕೇಜು ಅನ್ನುತ್ತಿದ್ದರು. ಕೆಳಗಿನಿಂದ ಒಂದು ಹೊಡೆದರೆ ಕೇಜು ನಿಲ್ಲಿಸು, ಎರಡು ಹೊಡೆದರೆ ಇಳಿಸು, ಮೂರು ಹೊಡೆದರೆ ಆಳು ಕೂತಿದ್ದಾರೆ, ಮೆಲ್ಲಗೆ ಎತ್ತು. ಬಂದ ಗಂಟೆಯನ್ನು ಮೇಲಿನವನು ಹಾಗೆಯೇ ತಿರುಗಿ ಹೊಡೆಯಬೇಕು, ಆಮೇಲೆಯೇ ಕೇಜು ಅಲ್ಲಾಡಬೇಕು. ಉತ್ತರ ಬಾರದ ಗಂಟೆ ಎಂದರೆ ಎಲ್ಲೋ ಒಬ್ಬ ಸತ್ತಿದ್ದಾನೆ ಎಂದೇ ಅರ್ಥ. ಹೀಗಾಗಿ ಹುಲಗಪ್ಪನ ಕೈಗೆ ಒಂದು ಚಟ ಅಂಟಿತ್ತು: ಯಾರು ಎಲ್ಲಿ ಏನು ಕುಟ್ಟಿದರೂ ತಿರುಗಿ ಕುಟ್ಟುವುದು. ಮದುವೆ ಮನೆಯಲ್ಲಿ ಡೊಳ್ಳಿನವನು ಬಾರಿಸಿದರೆ ಇವನು ತಾಟು ಬಡಿಯುತ್ತಿದ್ದ.

ಬಾಯಿಗೂ ಅದೇ ಚಟ. ಕೇಳಿದ್ದಕ್ಕೆ ಉತ್ತರ ಕೊಡದೆ ಬಿಟ್ಟವನಲ್ಲ. ಗೊತ್ತಿದ್ದರೆ ಸರಿ, ಗೊತ್ತಿರದಿದ್ದರೆ ಇನ್ನೂ ಸರಿ. ಅವನ ಅಜ್ಜ ಗಣಿ ಅಗೆಯುತ್ತಾ ಅಗೆಯುತ್ತಾ ಭೂಮಿಯ ಆಚೆ ಬದಿಗೆ ತೂತು ಕೊರೆದು ಯಾವುದೋ ದೇಶದ ಬಾವಿಯೊಳಗೆ ತಲೆ ಎತ್ತಿದ್ದನಂತೆ, ನೀರು ಸೇದುತ್ತಿದ್ದ ಅಲ್ಲಿನ ಹೆಂಗಸರು ಕೊಡದಿಂದ ಬಡಿದು ಕಳಿಸಿದ್ದರಂತೆ. ಅಜ್ಜನ ತಲೆಯ ಮೇಲಿನ ಬುಗುಟನ್ನು ಇವನು ಕಣ್ಣಾರೆ ಕಂಡಿದ್ದನಂತೆ.

ಬಂಡೆ ಬಿದ್ದ ಮೂರನೆಯ ದಿನ ಬೆಳಿಗ್ಗೆ ಜನ ಬಾವಿಯ ಸುತ್ತ ಜಾತ್ರೆ ನೆರೆದಂತೆ ನಿಂತಿದ್ದರು. ಹುಲಗಪ್ಪ ಗಣಿಯೊಳಗೆ ಗಾಳಿ ಇಳಿಸಲು ಹಾಕಿದ್ದ ಹಳೆಯ ಕಬ್ಬಿಣದ ಪೈಪಿಗೆ ಒರಗಿ ಬೀಡಿ ಹಚ್ಚುತ್ತಿದ್ದ. ಬೆನ್ನಿಗೆ ಟಕ್ ಎಂದಿತು. ಆಮೇಲೆ ಒಂದು ಗೀರು, ಆಮೇಲೆ ಗುಂಯ್ ಎಂಬ ನಡುಕ. ಬೀಡಿ ಬಿಸಾಕಿ, ಕಲ್ಲು ಎತ್ತಿಕೊಂಡು ತಿರುಗಿ ಕುಟ್ಟಿದ. ಕೆಳಗಿನಿಂದ ಹನ್ನೊಂದು ಕಡೆಯಿಂದ ಒಟ್ಟಿಗೆ ಉತ್ತರ ಬಂತು.

ಹೀಗೆ ಅವನಿಗೆ ಮತ್ತೆ ಕೆಲಸ ಸಿಕ್ಕಿತು.

*

ಡಾಕ್ಟರ್ ನಿಲೋಫರ್ ಇನಾಮದಾರ ವಿಜಯಪುರದವರು, ಮಾತುಗಳನ್ನು ಬಿಚ್ಚಿ ಜೋಡಿಸುವ ವಿದ್ಯೆ ಕಲಿತವರು. ಗಣಿಯ ಹಳೆಯ ಎಂಜಿನ್ ಮನೆಯಲ್ಲಿ ಪರದೆಗಳನ್ನು ನಿಲ್ಲಿಸಿ, ಬಾವಿಯೊಳಗೆ ಕ್ಯಾಮೆರಾ ಇಳಿಬಿಟ್ಟು, ನಡುಕ ಅಳೆಯುವ ಯಂತ್ರವನ್ನು ಪೈಪಿಗೆ ಕಟ್ಟಿದರು. ಬಂಡೆಗೆ ಒಂದು ಕಡೆ ಗವಿಯಂಥ ಬಾಯಿ ಇತ್ತು. ಒಳಗೆ ಒಂದು ದೊಡ್ಡದು, ಹನ್ನೊಂದು ಸಣ್ಣವು. ಸಣ್ಣವು ಜೋಳದ ರೊಟ್ಟಿಯಷ್ಟು ಅಗಲ, ಆಮೆಯ ಬೆನ್ನಿನಂಥ ಮೈ. ಕಣ್ಣಿಲ್ಲ, ಕಿವಿಯಿಲ್ಲ, ಬಾಯಿಯಿಲ್ಲ. ಮೈಯಿಂದ ಕಲ್ಲನ್ನು ಕುಟ್ಟಿದರೆ ಅದೇ ಮಾತು, ಮೈಗೆ ಕಲ್ಲಿನ ನಡುಕ ತಾಗಿದರೆ ಅದೇ ಕೇಳುವುದು. ದೊಡ್ಡದಕ್ಕೆ ಹುಲಗಪ್ಪ ಅಜ್ಜಿ ಎಂದು ಹೆಸರಿಟ್ಟ.

ಏಳು ದಿನಕ್ಕೊಮ್ಮೆ ಅಜ್ಜಿ ಕುಟ್ಟುತ್ತಿದ್ದಳು. ಒಂದೇ ಮಾತಿಗೆ ಅರ್ಧ ದಿನ ಹಿಡಿಯುವಷ್ಟು ನಿಧಾನ. ಅವಳದು ಮುಗಿದ ಮೇಲೆ ಹನ್ನೊಂದೂ ಒಟ್ಟಿಗೆ ಉತ್ತರಿಸುತ್ತಿದ್ದವು. ಆಗ ಬಂಡೆ ಗುಂಯ್‌ಗುಟ್ಟಿ ಬಿಸಿಯಾಗುತ್ತಿತ್ತು. ಪರದೆಯ ಮೇಲೆ ಎಪ್ಪತ್ತೆಂಟು ಡಿಗ್ರಿ. ಆ ಬಿಸಿಯೇ ಅವುಗಳ ಉಸಿರು ಎಂದು ಯಂತ್ರದವರು ಹೇಳಿದರು. ನಲವತ್ತಕ್ಕಿಂತ ಕೆಳಗೆ ಹೋದರೆ ಕಲ್ಲು ಬರೀ ಕಲ್ಲಾಗುತ್ತದೆ, ಅವೂ ಕಲ್ಲಾಗುತ್ತವೆ.

ಮೊದಲ ವಾರ ಮೇಡಂ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು ಕೇಳಿದರು: "ಏನಂದ್ವು ಕಾಕಾ?"

ಹುಲಗಪ್ಪನಿಗೆ ಒಂದಕ್ಷರವೂ ತಿಳಿದಿರಲಿಲ್ಲ. ಆದರೆ ಆ ಮುಖ ನೋಡಿ. ಊಟಕ್ಕೆ ಕೂತವರ ಹಾಗೆ ಕಾಯುತ್ತಿದೆ. ಬರೀ ಎಲೆ ಹೇಗೆ ತೋರಿಸುವುದು?

"ಹಸಿವಿಲ್ಲ, ನೀರಡಿಕಿಲ್ಲ, ನಿಮ್ಮೂರ ಬಿಸಲು ಚಲೋ ಐತಿ ಅನ್ನಾಕತ್ಯಾವರಿ."

ಮೇಡಂ ಬರೆದುಕೊಂಡರು. ಮುಖ ಅರಳಿತು. ಅಲ್ಲಿಗೆ ಶುರುವಾಯಿತು.

ಸುಳ್ಳು ಹೇಳಿದ ಮೇಲೆ ಅದನ್ನು ನೆನಪಿಡಬೇಕಲ್ಲ. ದಿನಕ್ಕೊಂದು ಹೇಳಿದರೆ ಮೇಡಂ ಹಿಡಿಯುತ್ತಾರೆ. ಹುಲಗಪ್ಪ ಒಂದು ಉಪಾಯ ಮಾಡಿದ. ಅವನ ಹೆಂಡತಿ ಅಂಬಮ್ಮ ಕಲ್ಲು ಪುಡಿ ಮಾಡುವ ಮಿಲ್ಲಿನಲ್ಲಿ ದುಡಿದು ಮೂವತ್ತಕ್ಕೇ ಕಿವಿ ಕಳೆದುಕೊಂಡವಳು. ಮಾತು ಬರುತ್ತಿತ್ತು, ಆದರೆ ತನ್ನ ದನಿ ಎಷ್ಟು ಏರಿತು ಎಂದು ತಿಳಿಯದೆ ಬೀದಿಯಲ್ಲೆಲ್ಲ ನಗೆಪಾಟಲಾಗಿ, ಹೊರಗೆ ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಗಂಡ ಹೆಂಡತಿ ಅಂಗೈ ಮೇಲೆ ಬೆರಳು ಕುಟ್ಟಿಕೊಂಡೇ ಸಂಸಾರ ಮಾಡಿದವರು. ಒಂದು ಕುಟ್ಟಿದರೆ ಬಾ, ಎರಡು ಕುಟ್ಟಿದರೆ ಉಣ್ಣು, ಉಗುರಿನಿಂದ ಗೀರಿದರೆ ಬೇಡ. ಅಂಬಮ್ಮನಿಗೆ ತಾಳ್ಮೆ ಕಡಿಮೆ, ಕೆಲಸ ಮೊದಲು ಹೇಳುವಳು, ಯಾರು ಎಂಬುದು ಆಮೇಲೆ: ಉಣ್ಣು, ನೀನು. ತಾ, ನೀನು. ಕೊನೆಗೊಂದು ದೊರಗು ಗೀರು ಎಳೆದರೆ ಅದು ಬೈಗುಳ: ಮೂಳ.

ಹುಲಗಪ್ಪ ಅದನ್ನೇ ಎತ್ತಿ ಬಂಡೆಯ ಬಾಯಿಗೆ ಇಟ್ಟ. ಕೆಳಗಿನವು ಏನೇ ಕುಟ್ಟಲಿ, ಇವನು ಪೈಪಿನ ಮೇಲೆ ತನ್ನ ಮನೆಯ ಮಾತು ಕುಟ್ಟುವನು, ಅದು ಅವುಗಳದೇ ಮಾತು ಎಂದು ಮೇಡಂಗೆ ಅರ್ಥ ಹೇಳುವನು. ಮೇಡಂ ಅದಕ್ಕೆ ಮೂರು ಬಗೆಯ ದನಿ, ಕ್ರಿಯೆ ಮೊದಲು ಕರ್ತೃ ಆಮೇಲೆ ಬರುವ ವಾಕ್ಯ, ಮೌನ ಉದ್ದವಾದರೆ ನಿನ್ನೆಯದು, ಗಿಡ್ಡವಾದರೆ ನಾಳೆಯದು ಎಂದೆಲ್ಲ ವ್ಯಾಕರಣ ಕಟ್ಟಿದರು. ದೊರಗು ಗೀರಿಗೆ ಮಾತ್ರ ಹುಲಗಪ್ಪ ತಡವರಿಸಿ, "ಅದು ಹಿರೇರಿಗೆ ಕೊಡೂ ಮರ್ಯಾದಿರಿ" ಅಂದಿದ್ದ. ದಿಲ್ಲಿಯಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ಪೈಪಿನ ಮುಂದೆ ಬಗ್ಗಿ ನಿಂತು, ಬಂಡೆಯ ಅಜ್ಜಿಗೆ ಗಂಭೀರವಾಗಿ ಮೂಳ ಎಂದು ಗೀರಿ ನಮಸ್ಕಾರ ಮಾಡಿ ಹೋದರು.

*

ಎರಡನೆಯ ವರ್ಷ ಮೇಡಂ ಒಂದು ದಿನ ಓಡುತ್ತಾ ಬಂದರು.

"ಕಾಕಾ, ನೀವು ಹೇಳಿದ್ದು ಒಂದೊಂದೂ ಖರೆ ಆಗಲಿಕತ್ತದ! ಮೊದಲ ಬರೇ ನೀವು ಹೇಳ್ತಿದ್ರಿ, ನಾ ಬರಕೊಳ್ತಿದ್ದೆ. ಈಗ ಸಣ್ಣವು ತಾವಾಗೇ ಹಂಗ ಕುಟ್ಟಲಿಕತ್ತಾವ. ಉಣ್ಣು ನೀನು, ಬಾ ನೀನು... ನಮ್ಮ ಪುಸ್ತಕದಾಗ ಇದ್ದಂಗ!"

ಹುಲಗಪ್ಪ ನಗಲು ಬಾಯಿ ತೆರೆದ. ನಗು ಬರಲಿಲ್ಲ. ಕೈಯಲ್ಲಿದ್ದ ಚಹಾ ಲೋಟ ಮಾತ್ರ ತಣ್ಣಗಾಯಿತು.

ಪುಸ್ತಕ ಅಚ್ಚಾಯಿತು. ಊರವರಿಗೆಲ್ಲ ಗಣಿ ತೋರಿಸುವ ದಿನ ಬಂತು. ಹುಲಗಪ್ಪನಿಗೆ ಶಾಲು, ಪೇಟ. ಅಂಬಮ್ಮ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಭಾಷಣ ಅವಳಿಗೆ ಕೇಳಿಸುವುದಿಲ್ಲ, ಬೇಸರವಾಗಿ ಹೋಗಿ ಪೈಪಿನ ಮೇಲೆ ಅಂಗೈ ಇಟ್ಟಳು.

ವೇದಿಕೆಯ ಮೇಲಿಂದ ಹುಲಗಪ್ಪ ನೋಡುತ್ತಲೇ ಇದ್ದ. ಮೊದಲು ಅವಳ ಹುಬ್ಬು ಮೇಲೇರಿತು. ಆಮೇಲೆ ಜೋರಾಗಿ ನಕ್ಕುಬಿಟ್ಟಳು, ಸಭೆಯೇ ತಿರುಗಿ ನೋಡುವಷ್ಟು. ಆಮೇಲೆ ನಗು ನಿಂತಿತು. ಅಂಗೈ ಎತ್ತಲಿಲ್ಲ. ಹಾಗೆಯೇ ತಲೆ ಎತ್ತಿ ಗಂಡನನ್ನು ನೋಡಿದಳು. ಪೇಟ ಹುಲಗಪ್ಪನ ಹಣೆಗೆ ಬಿಗಿಯಾಯಿತು.

ಮನೆಗೆ ಬಂದು ಕದ ಹಾಕಿಕೊಂಡು ಅಂಬಮ್ಮ ಕೂಗಿದಳು. ಆ ಕೂಗು ನಾಲ್ಕು ಮನೆಯಾಚೆ ಕೇಳಿರಬೇಕು.

"ಉಣ್ಣು ನೀನು, ಮೂಳ, ಅನ್ನಾಕತ್ಯಾವ! ಅದು ನನ್ನ ಮಾತು! ನನ್ನ ಅಡಗಿಮನಿ ಮಾತು! ಅವಕ್ಕ ಯಾರು ಕಲಿಸಿದ್ರು?"

ಹುಲಗಪ್ಪ ಅವಳ ಅಂಗೈ ಹಿಡಿದು ಕುಟ್ಟಿದ: ನಾನು.

"ನೀನು! ಮತ್ತ ಅವ್ರವ್ವನ ಮಾತು ಎಲ್ಲಿ ಹೋತು?"

ಇವನು ಅಂಗೈ ಬಿಟ್ಟು ಪೇಟ ಬಿಚ್ಚತೊಡಗಿದ.

"ನನ್ನ ಕಿವಿ ಹ್ವಾದಾಗ ಓಣ್ಯಾಗ ಒಬ್ಬರರ ನನ್ನ ಮಾತಾಡ್ಸಿದ್ರೇನು? ಕಣ್ಣ ಮುಂದ ಎಲ್ಲಾರು ಬಾಯಿ ಅಲ್ಲಾಡ್ಸ್ಯಾರ, ನನಗ ಒಂದೂ ತಿಳೀವಲ್ದು. ಗ್ವಾಡಿಗೆ ಹಣಿ ಬಡ್ಕೊಂಡು ಅತ್ತೀನಿ. ಆ ಮುದುಕಿಗೂ ಹಂಗ ಮಾಡಿದಿ ನೀ. ತನ್ನ ಹೊಟ್ಟ್ಯಾಗಿನ ಮಕ್ಕಳ ಮಾತು ತನಗ ತಿಳೀದಂಗ ಮಾಡಿದಿ. ಹೋಗು, ಈಗ ಹೋಗಿ ಹೇಳು."

ನಾಳೆ, ಎಂದು ಕುಟ್ಟಿದ ಹುಲಗಪ್ಪ.

*

ನಾಳೆ ಬಂತು. ಎಂಜಿನ್ ಮನೆಯಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಪರದೆಯ ಮೇಲೆ ನಲವತ್ತೊಂಬತ್ತು ಡಿಗ್ರಿ.

"ಮೂರು ತಿಂಗಳಿಂದ ಇಳೀಲಿಕತ್ತದ ಕಾಕಾ," ಅಂದರು ಮೇಡಂ. "ಅಜ್ಜಿ ಕುಟ್ಟತಾಳ, ಮೊದಲ ಹನ್ನೊಂದೂ ಉತ್ತರ ಕೊಡ್ತಿದ್ವು. ಆಮ್ಯಾಲ ಏಳು, ಆಮ್ಯಾಲ ಮೂರು. ಹೋದ ವಾರ ಒಂದೂ ಇಲ್ಲ. ಯಾಕ ಅಂತ ಕೇಳ್ರಿ ನೀವರ."

ಯಾಕೆ ಎಂದು ಹುಲಗಪ್ಪನಿಗೆ ಗೊತ್ತಿತ್ತು. ಅಜ್ಜಿ ಏಳು ದಿನಕ್ಕೊಮ್ಮೆ, ಅದೂ ಅರ್ಧ ದಿನದ ಮಾತು. ಮೇಲಿನವನಾದರೋ ಕುಟ್ಟಿದ ತಕ್ಷಣ ಕುಟ್ಟುತ್ತಾನೆ. ಮಕ್ಕಳು ಅಂದರೆ ಎಲ್ಲಿಯವಾದರೂ ಮಕ್ಕಳೇ. ಯಾರು ಕೂಡಲೇ ಓ ಅನ್ನುತ್ತಾರೋ ಅವರ ಹಿಂದೆ ಓಡುತ್ತವೆ. ಓಡಿ ಬಂದವು. ತಾಯಿಯ ಮಾತನ್ನು ದಾರಿಯಲ್ಲಿ ಬಿಟ್ಟು ಬಂದವು.

ಹೇಳಬೇಕೆಂದು ಬಾಯಿ ತೆರೆದ. ಗೋಡೆಯ ಮೇಲೆ ಅವನದೇ ಪೇಟ ಸುತ್ತಿದ ಫೋಟೋ ಇತ್ತು. ಮೇಜಿನ ಮೇಲೆ ಪುಸ್ತಕ.

"ಛಳಿಗಾಲ ನೋಡ್ರಿ," ಅಂದ. "ಬ್ಯಾಸಗಿ ಬಂದ್ರ ಸರಿ ಹೋಗ್ತೀವಿ ಅಂತಾವ."

ಮೇಡಂ ಉಸಿರು ಬಿಟ್ಟು ಬರೆದುಕೊಂಡರು.

ಹಾಗೆ ಎಂಟು ದಿನ. ದಿನವೂ ಮನೆಯಿಂದ ಹೇಳಲೆಂದೇ ಹೊರಡುವನು, ದಿನವೂ ಹೊಸದೊಂದು ಹೇಳಿ ಬರುವನು. ಅಂಬಮ್ಮ ರೊಟ್ಟಿ ಮಾಡಿ ಮುಂದಿಡುವಳು, ಅಂಗೈ ಮಾತ್ರ ಕೊಡಳು. ಸೆರಗಿನಲ್ಲಿ ಕೈ ಸುತ್ತಿಕೊಂಡು ಕೂರುವಳು. ನಲವತ್ತು ವರ್ಷದ ಸಂಸಾರದಲ್ಲಿ ಆ ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದೇ ಇಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಪರದೆ ನಲವತ್ತೆರಡು ತೋರಿಸುತ್ತಿತ್ತು. ಬಂಡೆಯ ಅಂಚಿಗೆ, ತಂಪು ಹೆಚ್ಚಿದ ಕಡೆ ಇದ್ದ ಒಂದು ಸಣ್ಣದು ಕುಟ್ಟುತ್ತಿತ್ತು. ಬಾ, ನೀನು. ಬಾ, ನೀನು. ಹುಲಗಪ್ಪ ತಿರುಗಿ ಕುಟ್ಟಿದ. ಬಾ, ನೀನು. ಅದು ಕುಟ್ಟಿತು. ಇವನು ಕುಟ್ಟಿದ. ಇವನು ಕುಟ್ಟಿದ. ಮತ್ತೆ ಕುಟ್ಟಿದ.

ಉತ್ತರ ಬರಲಿಲ್ಲ.

ಹನ್ನೊಂದು ಇದ್ದದ್ದು ಹತ್ತಾಯಿತು. ಕ್ಯಾಮೆರಾದಲ್ಲಿ ನೋಡಿದರೆ ಬರೀ ಒಂದು ದುಂಡನೆಯ ಕಲ್ಲು. ಅಜ್ಜಿ ಸಂಜೆಯವರೆಗೂ ಅದರ ಹತ್ತಿರಕ್ಕೆ ಸರಿಯುತ್ತಲೇ ಇದ್ದಳು, ಒಂದೊಂದು ಗೇಣಾಗಿ.

*

"ಮೇಡಂರಿ, ಆ ಪುಸ್ತಕ ಸುಳ್ಳರಿ."

ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು. "ಇವತ್ತ ಕಥಿ ಬ್ಯಾಡ ಕಾಕಾ."

"ಕಥಿ ಅಲ್ಲರಿ. ನಿಮ್ಮ ಕಾಲಿಗೆ ಬೀಳ್ತೀನಿ, ಇದೊಂದು ನಂಬ್ರಿ."

ಅವರು ನಂಬಲಿಲ್ಲ. ನಂಬಿಸುವುದಕ್ಕೆ ಒಂದು ಗಂಟೆ ಬೇಕಾಯಿತು. ಜೀವಮಾನವಿಡೀ ಸುಳ್ಳನ್ನು ಸಲೀಸಾಗಿ ದಾಟಿಸಿದ ಬಾಯಿಗೆ ನಿಜವನ್ನು ಹೊರಲು ತಾಕತ್ತೇ ಇರಲಿಲ್ಲ. ಕೊನೆಗೆ ಅವನೇ ಹೋಗಿ ಅಂಬಮ್ಮನನ್ನು ಕರೆತಂದ. ಅವಳು ಸೆರಗಿನಿಂದ ಕೈ ಬಿಡಿಸಿ, ಮೇಡಂ ಅಂಗೈಯನ್ನು ಎಳೆದುಕೊಂಡು ಕುಟ್ಟಿದಳು. ಉಣ್ಣು, ನೀನು. ತಾ, ನೀನು. ಕೊನೆಗೆ ಆ ದೊರಗು ಗೀರನ್ನೂ ಎಳೆದು, ಗಂಡನ ಕಡೆ ಬೆರಳು ತೋರಿಸಿದಳು.

ಮೇಡಂ ಮೊದಲ ತಿಂಗಳ ದಾಖಲೆ ಹಾಕಿದರು. ಹುಲಗಪ್ಪನ ಮಾತು ಕಲಿಯುವ ಮೊದಲು ಸಣ್ಣವು ಅಜ್ಜಿಗೆ ಕೊಟ್ಟ ಉತ್ತರಗಳು.

"ಇದು ಏನು?"

"ಗೊತ್ತಿಲ್ರಿ."

"ಇದು?"

"ಗೊತ್ತಿಲ್ರಿ."

"ಇದರ?"

"ಗೊತ್ತಿಲ್ರಿ ಮೇಡಂರಿ. ಒಂದೂ ಗೊತ್ತಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಹುಲಗಪ್ಪ ಬದುಕಿಕೊಳ್ಳುತ್ತಿದ್ದ. ಪುಸ್ತಕವನ್ನು ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟರು.

"ಯಾಕ ಕಾಕಾ? ಮೊದಲನೇ ದಿನಾನೇ ಗೊತ್ತಿಲ್ಲ ಅಂದಿದ್ರ ಆಗ್ತಿದ್ದಿಲ್ಲೇನು?"

"ನೀವು ಕೇಳ್ತಿದ್ರಿ. ನಾ ಏನರ ಹೇಳಿದ್ರ ನಿಮ್ಮ ಮಾರಿ ಅರಳ್ತಿತ್ತರಿ." ಅವನ ದನಿ ಸಣ್ಣಗಾಯಿತು. "ಅದಕ್ಕರಿ."

*

ಈಗ ಮಾಡಬೇಕಾದದ್ದು ಒಂದೇ. ಅಜ್ಜಿ ಇನ್ನೂ ಕುಟ್ಟುತ್ತಿದ್ದಳು, ಬಲ ಕಡಿಮೆಯಾಗಿದ್ದರೂ. ಮಕ್ಕಳು ಅವಳ ಕಡೆ ತಿರುಗಬೇಕು. ತಿರುಗಬೇಕಾದರೆ ಮೇಲಿನವನು ಬಾಯಿ ಮುಚ್ಚಬೇಕು. ಪುಸ್ತಕ ನೋಡಿ ಕುಟ್ಟುವ ಯಂತ್ರ ಒಂದನ್ನು ಕೂರಿಸಿದ್ದರು, ಅದನ್ನು ಬಿಚ್ಚಿದರು. ಬಾವಿಯ ಹತ್ತಿರ ಲಾರಿ ಓಡಾಟ ನಿಲ್ಲಿಸಿದರು.

"ನೀವು ಮನೀಗೆ ಹೋಗ್ರಿ," ಅಂದರು ಮೇಡಂ.

"ಇಲ್ಲರಿ. ಪೈಪಿನ ಬಾಜೂಕ ನಾನೇ ಕುಂದ್ರತೀನಿ. ತಪ್ಪು ಮಾಡಿದ್ದು ಈ ಕೈ. ಸುಮ್ಮನಿರೂದೂ ಇದೇ ಕಲೀಲಿ."

ಬಂಡೆ ಕೆಳಗೆ ಬಂದು ಬಿದ್ದದ್ದು ದೊಡ್ಡ ವಿಷಯವೇನಲ್ಲ. ಹುಲಗಪ್ಪ ಗಂಟೆಗೆ ಉತ್ತರ ಕೊಡದೆ ಕೂತದ್ದು ದೊಡ್ಡ ವಿಷಯ. ಹತ್ತೂ ಒಟ್ಟಿಗೆ ಕುಟ್ಟುತ್ತಿದ್ದವು. ಬಾ, ನೀನು. ಉಣ್ಣು, ನೀನು. ಒಂದು ಇಡೀ ದಿನ ಹೀಗೆ ಕುಟ್ಟಿ ಬೇಸತ್ತು ಮೂಳ, ಮೂಳ ಎಂದು ಬೈದವು. ಅವಕ್ಕೆ ಅದು ಬೈಗುಳ ಎಂದು ಗೊತ್ತಿತ್ತೋ, ಮರ್ಯಾದೆ ಎಂದುಕೊಂಡಿದ್ದವೋ, ಯಾರಿಗೆ ಗೊತ್ತು. ಹುಲಗಪ್ಪ ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತ. ಕೈ ಜೋಮು ಹಿಡಿಯಿತು. ಒಳ್ಳೆಯದಾಯಿತು ಅಂದುಕೊಂಡ.

ಮೊದಲ ಏಳನೆಯ ದಿನ ಅಜ್ಜಿ ಕುಟ್ಟಿದಳು. ಒಂದೂ ಉತ್ತರ ಕೊಡಲಿಲ್ಲ. ಪರದೆಯ ಮೇಲೆ ನಲವತ್ತೊಂದು.

ಎರಡನೆಯ ಸಲ ಮೂರು ಕೊಟ್ಟವು. ತಡವರಿಸುತ್ತಾ, ತಪ್ಪಾಗಿ. ಅಜ್ಜಿ ಮತ್ತೆ ಮೊದಲಿನಿಂದ ಕುಟ್ಟಿದಳು, ಮಗ್ಗಿ ಹೇಳಿಸುವವರ ಹಾಗೆ. ನಲವತ್ತಮೂರು. ಎಂಜಿನ್ ಮನೆಯಲ್ಲಿ ಚಪ್ಪಾಳೆ ಬಿತ್ತು.

ಮೂರನೆಯ ಸಲ ಏಳು. ನಾಲ್ಕನೆಯ ಸಲ ಒಂಬತ್ತು. ಐವತ್ತಾರು ಡಿಗ್ರಿ. ಪೈಪಿನ ಮೇಲೆ ಈಗ ಬರುತ್ತಿದ್ದ ಕುಟ್ಟು, ಗೀರು, ನಡುಕದಲ್ಲಿ ಹುಲಗಪ್ಪನಿಗೆ ತಿಳಿಯುವುದು ಒಂದೂ ಇರಲಿಲ್ಲ. ಎಲ್ಲರಿಗಿಂತ ಸಣ್ಣದೊಂದನ್ನು ಬಿಟ್ಟು. ಅದು ಅಕ್ಕತಂಗಿಯರ ಗುಂಪು ಬಿಟ್ಟು, ಪೈಪಿನ ಕಡೆಯ ಅಂಚಿಗೆ, ತಂಪು ಕಲ್ಲಿಗೆ ಬಂದು ಕೂತಿತ್ತು. ಬಾ, ನೀನು. ಬಾ, ನೀನು.

"ನೀವು ಬಂದಾಗೆಲ್ಲ ಅದು ಈ ಕಡೆ ಸರೀತದ," ಮೇಡಂ ಪರದೆ ತೋರಿಸಿದರು. "ಮನೀಗೆ ಹೋದ್ರ ನಿಮ್ಮ ಮನೀ ಕಡೆ ತಿರಗತದ. ನಿಮ್ಮ ಹೆಜ್ಜಿ ಅದಕ್ಕ ತಿಳೀತದ ಕಾಕಾ. ಕೇಜು ಬಡಿದು ಮುರಿದ ಕಾಲಲ್ಲ ನಿಮ್ಮದು? ಒಂದು ಹೆಜ್ಜಿ ಭಾರ, ಒಂದು ಹಗುರ. ಊರಾಗ ಇನ್ನ್ಯಾರೂ ಹಂಗ ನಡ್ಯಂಗಿಲ್ಲ."

ಹುಲಗಪ್ಪ ತನ್ನ ಕಾಲು ನೋಡಿಕೊಂಡ.

"ಅಂದ್ರ ನಾ ಬಾಯಿ ಮುಚ್ಚಿದ್ರೂ ಈ ಸೂಳೀಮಗಂದು ಕಾಲು ಮಾತಾಡೇ ಮಾತಾಡ್ತೈತಿ."

"ಆ ಕಡೀ ಅಂಚು ನಲವತ್ತೊಂದರ ಮ್ಯಾಲ ಏರವಲ್ದು ಕಾಕಾ. ಅದು ಅಲ್ಲೇ ಕೂತ್ರ..."

"ತಿಳೀತರಿ," ಅಂದ ಹುಲಗಪ್ಪ. "ಹೇಳಬ್ಯಾಡ್ರಿ."

*

ಮುಂದಿನ ಏಳನೆಯ ದಿನದ ಬೆಳಿಗ್ಗೆ ಅವನ ಮನೆಯ ಮುಂದೆ ಟಂಟಂ ಗಾಡಿ ಬಂದು ನಿಂತಿತು. ಎರಡು ಗಂಟು, ಒಂದು ಟ್ರಂಕು. ಗಂಗಾವತಿಯಲ್ಲಿ ಅಂಬಮ್ಮನ ತಂಗಿ ಅಕ್ಕಿ ಮಿಲ್ಲಿನ ಹತ್ತಿರ ಮನೆ ಮಾಡಿದ್ದಳು. ಹುಲಗಪ್ಪ ಹೊರಸಿನ ಮೇಲೆ ಎರಡೂ ಕಾಲು ಎತ್ತಿಕೊಂಡು ಕೂತಿದ್ದ. ಹಿಂದಿನ ದಿನದಿಂದ ನೆಲಕ್ಕೆ ಕಾಲಿಟ್ಟಿರಲಿಲ್ಲ.

"ಏನಾಗೈತಜ್ಜ? ಕಾಲು ನೋವೇನು?" ಅಂದ ಟಂಟಂನವನು.

"ಇಲ್ಲಪಾ. ನೆಲಕ್ಕ ನೋವು."

ಅವನು ನಕ್ಕ. ಹುಲಗಪ್ಪ ನಗಲಿಲ್ಲ. ಅಂಬಮ್ಮ ಒಂದು ರಟ್ಟೆ, ಟಂಟಂನವನು ಒಂದು ರಟ್ಟೆ ಹಿಡಿದು, ಉತ್ಸವ ಮೂರ್ತಿ ಎತ್ತಿದ ಹಾಗೆ ಮೆಲ್ಲಗೆ ಎತ್ತಿ ಕೂರಿಸಿದರು. ಓಣಿಯ ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು. ಅದೂ ಇರಲಿ ಎಂದು ಅವನು ತಲೆ ತಗ್ಗಿಸಿದ. ಗಣಿಯ ಕಡೆ ನೋಡಲಿಲ್ಲ. ನೋಡಿದ್ದರೂ ಏನೂ ಕಾಣುತ್ತಿರಲಿಲ್ಲ, ನಾನೂರು ಅಡಿ ಕೆಳಗೆ ಒಂದು ಸಣ್ಣದು ಯಾವ ಕಡೆ ತಿರುಗಿದೆ ಎಂದು ಮೇಲಿನಿಂದ ಯಾರಿಗೆ ಕಾಣುತ್ತದೆ.

ಬಸ್ಸಿನಲ್ಲಿ ಕಿಟಕಿಗೆ ಕೂತು ದಾರಿಯುದ್ದಕ್ಕೂ ಫೋನನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಸಿಂಧನೂರು ದಾಟಿತು. ಕಾರಟಗಿ ದಾಟಿತು. ಗದ್ದೆಗಳ ಹಸಿರು ಕಣ್ಣಿಗೆ ಹೊಡೆಯಿತು. ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಜನ ಇಳಿಯುತ್ತಿದ್ದಾಗ ಫೋನು ನಡುಗಿತು.

"ಕಾಕಾ," ಅಂದರು ಮೇಡಂ. "ಹತ್ತು. ಹತ್ತೂ ಕೊಟ್ವು. ಸಣ್ಣದು ಎಲ್ಲಾದಕ್ಕೂ ಕಡೀಕ ಕೊಡ್ತು. ಅಜ್ಜಿ ಬಾಜೂಕ ಹೋಗಿ ಕೂತದ. ಅರವತ್ತು ಡಿಗ್ರಿ ಆಗೇದ ಕಾಕಾ, ಕೇಳ್ಸ್ತೇನು?"

ಕೇಳಿಸಿತು. ಫೋನನ್ನು ಜೇಬಿಗಿಟ್ಟು ಬಾಗಿಲ ಕಡೆ ಹೊರಟ.

ಅಂಬಮ್ಮ ಮೊದಲು ಇಳಿದು, ಗಂಟು ಕೆಳಗಿಟ್ಟು, ಗಂಡನ ಮುಖ ನೋಡಿದಳು. ಏನಾಯಿತು ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಸುತ್ತ ಜನ. ಬಹಳ ದಿನಗಳ ಮೇಲೆ ಅಂಗೈ ಚಾಚಿದಳು.

ಹುಲಗಪ್ಪ ಮೆಟ್ಟಿಲ ಮೇಲೆ ನಿಂತೇ ಆ ಅಂಗೈ ಹಿಡಿದು ಕುಟ್ಟತೊಡಗಿದ. ಒಂದು, ಎರಡು, ಮೂರು. ಹಿಂದಿನವರು ಇಳಿಯಲು ಅವಸರ ಮಾಡುತ್ತಿದ್ದರು. ಏಳು, ಎಂಟು. ಅಂಬಮ್ಮನ ಮುಖ ಅರಳುತ್ತಾ ಬಂತು. ಒಂಬತ್ತು. ಹತ್ತು.

ಹನ್ನೊಂದನೆಯದಕ್ಕೆ ಎತ್ತಿದ ಬೆರಳು ಹಾಗೆಯೇ ಮೇಲೆ ನಿಂತಿತ್ತು. ಎಲ್ಲಿ ಇಡಬೇಕೆಂದು ಅದಕ್ಕೆ ತಿಳಿಯಲಿಲ್ಲ.